ಕ್ರೋನ್ಸ್ ಇರುವ ಮಗನಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಡಬೇಕೇ, ಕಾದು ನೋಡಬೇಕೇ?

ಕರುಳಿನಲ್ಲಿ ಉರಿಯೂತ ತರುವ ಕ್ರೋನ್ಸ್ ಕಾಯಿಲೆಯಿರುವ ನಿಮ್ಮ 10 ವರ್ಷದ ಮಗನಿಗೆ ಅಜಥಯೋಪ್ರಿನ್ ಅಥವಾ ಇನ್‌ಫ್ಲಿಕ್ಸಿಮ್ಯಾಬ್ ಶುರು ಮಾಡೋಣ ಎಂದು ವೈದ್ಯರು ಹೇಳಿದ್ದಾರೆ, ಔಷಧದ ಡಬ್ಬಿಯೊಳಗಿನ ಮಾಹಿತಿ ಚೀಟಿಯಲ್ಲಿ ‘ಲಿಂಫೋಮಾ’ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಎಂದು ಓದಿದಾಗಿನಿಂದ ನಿದ್ದೆ ಹತ್ತುತ್ತಿಲ್ಲ ಎಂದು ಬರೆದಿದ್ದೀರಿ. ಅಂಗೈಯಗಲಕ್ಕೆ ಮಡಚಿಟ್ಟ, ಬಿಚ್ಚಿದರೆ ಮೇಜು ತುಂಬುವ ಆ ಚೀಟಿಯನ್ನು ನಾನೂ ಓದಿದ್ದೇನೆ. ನಾನು ವೈದ್ಯನಲ್ಲ, ಇದೇ ಕಾಯಿಲೆಯ ಹುಡುಗನ ತಂದೆ. ಅವನಿಗೀಗ 16 ವರ್ಷ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇನೆ. 11ನೇ ವಯಸ್ಸಿನಲ್ಲಿ ಕಾಯಿಲೆ ಗೊತ್ತಾದಾಗ ಸ್ಟೀರಾಯ್ಡ್ ಕೊಟ್ಟರು. ಹೊಟ್ಟೆನೋವು ಬೇಗನೆ ಇಳಿಯಿತು, ಮುಖ ಊದಿತು, ಪ್ರಮಾಣ ಕಡಿಮೆ ಮಾಡುತ್ತಿದ್ದಂತೆ ನೋವು ಮರಳಿತು. ಆಗ ವೈದ್ಯರು ಮುಂದಿನ ಔಷಧದ ಮಾತೆತ್ತಿದರು. ‘ಯೋಚಿಸಿ ಹೇಳುತ್ತೇವೆ’ ಎಂದು ಎದ್ದು ಬಂದವರು ಐದು ತಿಂಗಳು ಯೋಚಿಸಿದೆವು. ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರವನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕುವ ಅಭ್ಯಾಸ ನಮ್ಮದು. ಅವನ ಹೊಸ ಗೆರೆ ಹಳೆಯ ಗೆರೆಯ ಮೇಲೆಯೇ ಬಿತ್ತು. ಎರಡು ವರ್ಷ ಚಿಕ್ಕವಳಾದ ತಂಗಿಯ ಗೆರೆ ಅದನ್ನು ದಾಟಿತು. ಆಮೇಲೆ ಅವನು ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲುವುದನ್ನೇ ಬಿಟ್ಟ. ಕೊನೆಗೆ ಗುದದ ಪಕ್ಕ ಕೀವುಗಡ್ಡೆಯಾಗಿ, ಅರಿವಳಿಕೆ ಕೊಟ್ಟು ಕೊಯ್ದು ತೆಗೆಯಬೇಕಾಯಿತು.

ತಕ್ಕಡಿಯ ಒಂದು ತಟ್ಟೆಯಲ್ಲಿ ಔಷಧವಿದೆ, ಇನ್ನೊಂದು ಖಾಲಿ ಎಂದುಕೊಂಡಿದ್ದೆವು. ಅಲ್ಲಿ ಕಾಯಿಲೆ ಕುಳಿತಿತ್ತು. ಉರಿಯೂತವನ್ನು ಹಾಗೆಯೇ ಬಿಟ್ಟರೆ ಕರುಳು ಕಿರಿದಾಗಬಹುದು, ಕರುಳಿನಿಂದ ಪಕ್ಕದ ಅಂಗಕ್ಕೋ ಚರ್ಮಕ್ಕೋ ಸುರಂಗದಂತೆ ದಾರಿಯಾಗುವ ಫಿಸ್ಟುಲಾ ಆಗಬಹುದು, ಬೆಳವಣಿಗೆ ಕುಂಠಿತವಾಗಬಹುದು. ಬೆಳೆಯುವ ವಯಸ್ಸು ಮುಗಿದ ಮೇಲೆ ತಪ್ಪಿಹೋದ ಎತ್ತರ ಸಿಗುವುದಿಲ್ಲ. ಯೋಚಿಸಲು ಸಮಯ ಬೇಕಿದ್ದರೆ, ಆರರಿಂದ ಎಂಟು ವಾರ ಬರೀ ದ್ರವರೂಪದ ಪೌಷ್ಟಿಕ ಆಹಾರದ ಮೇಲಿಡುವ ಚಿಕಿತ್ಸೆ ಮಗನಿಗೆ ಆಗುತ್ತದೆಯೇ ಎಂದು ಕೇಳಿ. ಸುಮ್ಮನೆ ಕಾಯುವುದಕ್ಕಿಂತ ಅದು ಎಷ್ಟೋ ವಾಸಿ.

ಇನ್ನು ನಿಮ್ಮ ಭಯದ ವಿಷಯ. ಆ ಎರಡು ಔಷಧಗಳ ಅಪಾಯ ಒಂದೇ ಅಲ್ಲ. ಅಜಥಯೋಪ್ರಿನ್‌ನಿಂದ ಲಿಂಫೋಮಾ ಸಾಧ್ಯತೆ ಕೆಲವು ಪಟ್ಟು ಏರುವುದು ನಿಜ. ಏರಿದ ಮೇಲೂ ಅದು ವರ್ಷಕ್ಕೆ 10,000 ಜನರಲ್ಲಿ ಬೆರಳೆಣಿಕೆಯಷ್ಟೇ. ‘ಎಷ್ಟು ಪಟ್ಟು’ ಎಂಬುದು ಹೆದರಿಸುವ ಲೆಕ್ಕ, ‘ಎಷ್ಟು ಮಂದಿಯಲ್ಲಿ ಎಷ್ಟು’ ಎಂದು ಕೇಳಿ. ಆದರೆ ಯಕೃತ್ತು ಮತ್ತು ಗುಲ್ಮದಲ್ಲಿ ಹುಟ್ಟುವ, ಅತಿ ವಿರಳವಾದರೂ ಬದುಕುಳಿಯುವುದು ಕಷ್ಟವಾದ ಒಂದು ಲಿಂಫೋಮಾ ಇದೆ. ಅದು ಕಂಡದ್ದು ಹೆಚ್ಚಾಗಿ ಹದಿಹರೆಯದ ಹುಡುಗರು ಮತ್ತು ಯುವಕರಲ್ಲಿ, ಅಜಥಯೋಪ್ರಿನ್ ಗುಂಪಿನ ಔಷಧವನ್ನು ಒಂಟಿಯಾಗಿಯೋ ಇನ್‌ಫ್ಲಿಕ್ಸಿಮ್ಯಾಬ್‌ನಂಥದ್ದರ ಜೊತೆಗೋ ಪಡೆದವರಲ್ಲಿ. ನಿಮ್ಮದು ಗಂಡು ಮಗು, ಆದ್ದರಿಂದ ಇದನ್ನು ಬಾಯಿಬಿಟ್ಟು ಕೇಳಿ. ಎಪ್‌ಸ್ಟೈನ್-ಬಾರ್ ವೈರಸ್ ಅವನಿಗೆ ಈಗಾಗಲೇ ತಗುಲಿದೆಯೇ ಎಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಅಜಥಯೋಪ್ರಿನ್ ನಡೆಯುತ್ತಿರುವಾಗ ಆ ಸೋಂಕು ಮೊದಲ ಬಾರಿಗೆ ಬಂದರೆ ಉಲ್ಬಣಿಸಬಹುದು. ಅಜಥಯೋಪ್ರಿನ್ ಅನ್ನೇ ಆರಿಸಿದರೆ ಟಿಪಿಎಂಟಿ ಮತ್ತು ಎನ್‌ಯುಡಿಟಿ15 ಎಂಬ ಕಿಣ್ವಗಳ ಪರೀಕ್ಷೆ ಮೊದಲೇ ಆಗಲಿ. ಕೆಲವರ ದೇಹ ಈ ಔಷಧವನ್ನು ಸರಿಯಾಗಿ ವಿಲೇವಾರಿ ಮಾಡದೆ ಬಿಳಿ ರಕ್ತಕಣಗಳು ಅಪಾಯಕಾರಿಯಾಗಿ ಕುಸಿಯುತ್ತವೆ.

ನಾವು ಇನ್‌ಫ್ಲಿಕ್ಸಿಮ್ಯಾಬ್ ಒಂದನ್ನೇ ಆರಿಸಿದೆವು. ಕರುಳಿನ ಉರಿಯೂತವಿರುವ 5,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರಿಂದ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ಕ್ಯಾನ್ಸರ್ ಬಂದ ಕೆಲವೇ ಮಕ್ಕಳಲ್ಲಿ ಬಹುಪಾಲು ಅಜಥಯೋಪ್ರಿನ್ ಗುಂಪಿನ ಔಷಧ ಪಡೆದಿದ್ದವರು. ಹಾಗೆಂದು ಇದು ಸಾಧು ಔಷಧವಲ್ಲ. ಮೈಯಲ್ಲಿ ಅಡಗಿರುವ ಕ್ಷಯ ಹೆಡೆಯೆತ್ತಬಹುದು, ಅದಕ್ಕೇ ಮೊದಲು ಕ್ಷಯದ ಪರೀಕ್ಷೆ. ದೇಹವೇ ಔಷಧದ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡು ಅದು ಕೆಲಸ ಮಾಡದಂತಾಗಬಹುದು. ಇದನ್ನು ತಡೆಯಲೆಂದೇ ಕೆಲವು ವೈದ್ಯರು ಎರಡನೆಯ ಔಷಧ ಸೇರಿಸುತ್ತಾರೆ. ಯಾವುದನ್ನು, ಎಷ್ಟು ಕಾಲಕ್ಕೆ ಎಂದು ಕೇಳುವ ಹಕ್ಕು ನಿಮಗಿದೆ. ನಮ್ಮವನಿಗೆ ಎರಡನೇ ವರ್ಷ ನೆತ್ತಿಯ ಮೇಲೆ ಸೋರಿಯಾಸಿಸ್‌ನಂಥ ಹೊಪ್ಪಳೆ ಎದ್ದಿತು, ಮುಲಾಮಿನಿಂದ ಹತೋಟಿಗೆ ಬಂತು. ಈಗ ಎಂಟು ವಾರಕ್ಕೊಮ್ಮೆ ಡ್ರಿಪ್. ‘ಬಲಗೈ ಬೇಡ, ಎಡಗೈಯಲ್ಲಿ ಬೇಗ ಸಿಗುತ್ತದೆ’ ಎಂದು ನರ್ಸ್‌ಗೆ ಅವನೇ ಹೇಳುತ್ತಾನೆ. ತಂಗಿಯನ್ನು ಎತ್ತರದಲ್ಲಿ ಹಿಂದೆ ಹಾಕಿ ಮೂರು ವರ್ಷವಾಯಿತು.

ಮುಂದಿನ ಭೇಟಿಗೆ ಲಸಿಕೆಯ ಕಾರ್ಡ್ ಮರೆಯದೆ ಒಯ್ಯಿರಿ. ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಮತ್ತು ದಡಾರದ ಲಸಿಕೆಗಳ ಮಾತು ನಾನು ಹೇಳುತ್ತಿರುವುದು. ಇವು ಜೀವಂತ ವೈರಸ್ ಇರುವ ಲಸಿಕೆಗಳು, ಔಷಧ ಶುರುವಾದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ. ನಮ್ಮವನಿಗೆ ಸೀತಾಳೆ ಸಿಡುಬಿನ ಲಸಿಕೆ ಬಾಕಿಯಿತ್ತು. ಕೀವುಗಡ್ಡೆಯ ಗಡಿಬಿಡಿಯಲ್ಲಿ ಅದಕ್ಕೆ ವಾರಗಳು ಉಳಿದಿರಲಿಲ್ಲ. ಯೋಚಿಸುತ್ತ ಕುಳಿತ ಐದು ತಿಂಗಳಲ್ಲಿ, ಸ್ಟೀರಾಯ್ಡ್ ನಿಂತ ಮೇಲೆ ವೈದ್ಯರು ಒಪ್ಪಿದ್ದರೆ, ಹಾಕಿಸಬಹುದಿತ್ತು. ಶಾಲೆಯಲ್ಲಿ ಯಾರಿಗೋ ಸೀತಾಳೆ ಎಂದು ಸುದ್ದಿ ಬಂದಾಗಲೆಲ್ಲ ನಾನು ಇವತ್ತಿಗೂ ಮೊದಲು ವೈದ್ಯರಿಗೆ ಫೋನ್ ಮಾಡುತ್ತೇನೆ.