ಹಳೆಯ ಪದ್ಮಿನಿಯ ಫ್ಲೈವೀಲ್ ನಿಜಕ್ಕೂ ಬಾಗಿದೆಯೇ ಎಂದು ತಿಳಿಯುವುದು ಹೇಗೆ?
ನಿಮ್ಮ ಪ್ರೀಮಿಯರ್ ಪದ್ಮಿನಿ ಮುಳ್ಳೇರಿಯದ ಏರಿನಲ್ಲಿ ಹೊರಡುವಾಗ ಗಡಗಡ ನಡುಗುತ್ತದೆ, ಓಡತೊಡಗಿದ ಮೇಲೆ ಸರಿಯಾಗುತ್ತದೆ, ಮೆಕ್ಯಾನಿಕ್ ಫ್ಲೈವೀಲ್ (ಇಂಜಿನ್ನಿನ ಹಿಂಬದಿಯಲ್ಲಿ ಕ್ಲಚ್ ಹಿಡಿಯುವ ಭಾರದ ಚಕ್ರ) ಬಾಗಿದೆ ಎನ್ನುತ್ತಾರೆ ಎಂದು ಬರೆದಿದ್ದೀರಿ. ಅಳೆದು ನೋಡದೆ ಆ ಮಾತನ್ನು ಒಪ್ಪಬೇಡಿ. ತಯಾರಿಕೆ ನಿಂತು ಎರಡು ದಶಕ ಕಳೆದ ಕಾರಿನ ಮೂಲ ಫ್ಲೈವೀಲನ್ನು ಸುಮ್ಮನೆ ಗುಜರಿಗೆ ಹಾಕುವುದು ನನಗಂತೂ ಸಹಿಸಲಾಗದ ಸಂಗತಿ.

ಬಾಗಿದ ಫ್ಲೈವೀಲಿನ ನಡುಕ ಕಾಣಿಸುವುದು ಕ್ಲಚ್ ಪ್ಲೇಟ್ ಅದರ ಮೇಲೆ ಜಾರುತ್ತ ಹಿಡಿಯುವ ಹೊತ್ತಿನಲ್ಲಿ ಮಾತ್ರ. ನಿಮ್ಮ ಕಾರಿನ ಲಕ್ಷಣ ಇದಕ್ಕೆ ಹೊಂದುತ್ತದೆ. ಆದರೆ ಇಂಜಿನ್ನಿನ ಕೆಳಗಿನ ಹರಿದ ಮೌಂಟಿಂಗ್ ರಬ್ಬರ್, ಸೋರಿದ ಎಣ್ಣೆ ಹತ್ತಿದ ಕ್ಲಚ್ ಪ್ಲೇಟ್, ಬೆರಳುಗಳು ಸಮಮಟ್ಟದಲ್ಲಿಲ್ಲದ ಪ್ರೆಶರ್ ಪ್ಲೇಟ್ (ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಭಾಗ), ಇವೂ ಹೀಗೆಯೇ ನಡುಗಿಸುತ್ತವೆ. ರಬ್ಬರುಗಳನ್ನು ಏನನ್ನೂ ಬಿಚ್ಚದೆ ನೋಡಬಹುದಾದ್ದರಿಂದ ಅಲ್ಲಿಂದಲೇ ಆರಂಭಿಸಿ.

ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಬಿಚ್ಚಿದ ಮೇಲೆ, ಫ್ಲೈವೀಲನ್ನು ಕಳಚದೆ, ಅದು ಕ್ರ್ಯಾಂಕಿಗೆ (ಇಂಜಿನ್ನಿನ ತಿರುಗುವ ಮುಖ್ಯ ದಂಡಕ್ಕೆ) ಬಿಗಿದಿರುವಾಗಲೇ ಅಳೆಯಬೇಕು. ಸಣ್ಣ ಓರೆಯನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜಿನ ಸ್ಟ್ಯಾಂಡನ್ನು ಇಂಜಿನ್ ಬ್ಲಾಕಿಗೆ ಭದ್ರವಾಗಿ ಕೂರಿಸಿ, ಮೊನೆಯನ್ನು ಕ್ಲಚ್ ಉಜ್ಜುವ ಮೈಯ ಹೊರ ಅಂಚಿನ ಬಳಿ ಇಟ್ಟು, ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ತಿರುಗಿಸುವಾಗ ಕ್ರ್ಯಾಂಕನ್ನು ಸದಾ ಒಂದೇ ದಿಕ್ಕಿಗೆ ಒತ್ತಿ ಹಿಡಿಯದಿದ್ದರೆ ಅದರ ಹಿಂದು-ಮುಂದಿನ ಸಡಿಲವೇ ಗೇಜಿನಲ್ಲಿ ಬಾಗಿನಂತೆ ಕಾಣುತ್ತದೆ, ಮತ್ತು ಒಳ್ಳೆಯ ಫ್ಲೈವೀಲುಗಳು ಕೆಟ್ಟ ಹೆಸರು ಪಡೆಯುವುದು ಹೆಚ್ಚಾಗಿ ಇಲ್ಲಿಯೇ. ಎಷ್ಟು ಓರೆ ಇರಬಹುದೆಂಬ ಮಿತಿಯನ್ನು ಕಾರಿನ ವರ್ಕ್‌ಶಾಪ್ ಮ್ಯಾನುವಲ್‌ನಿಂದಲೇ ತೆಗೆದುಕೊಳ್ಳಿ. ಅಂಕಿ ಅದನ್ನು ಮೀರಿದರೆ ಫ್ಲೈವೀಲಿಗೂ ಕ್ರ್ಯಾಂಕಿಗೂ ಗುರುತು ಹಾಕಿ ಬಿಚ್ಚಿ, ಎರಡರ ಕೂಡುಮೈಯನ್ನು ಒರೆಸಿ, ಫ್ಲೈವೀಲ್ ಕೂರುವ ಕ್ರ್ಯಾಂಕಿನ ಫ್ಲ್ಯಾಂಜನ್ನೂ ಹೀಗೆಯೇ ಅಳೆಯಿರಿ. ನಡುವೆ ಸಿಕ್ಕಿದ ತುಕ್ಕಿನ ಚೂರೊಂದೇ ಅಂಚಿನಲ್ಲಿ ದೊಡ್ಡ ಓರೆಯಾಗಿ ಕಾಣಬಲ್ಲದು.

ಮುರಕಲ್ಲಿನ ಏರಿನಲ್ಲಿ ಹಾಫ್ ಕ್ಲಚ್‌ನಲ್ಲೇ ಕಾರು ಹತ್ತಿಸುವ ನಮ್ಮ ಕಡೆಯ ಅಭ್ಯಾಸದಿಂದ ಫ್ಲೈವೀಲಿನ ಮೈ ಕಾದು ನೀಲಿ ಕಲೆಗಳು ಏಳುತ್ತವೆ. ಅಲ್ಲಿ ಲೋಹ ಗಡಸಾಗಿರುವುದರಿಂದ ಲೇತಿನ ಉಳಿ ಅದರ ಮೇಲೆ ಹಾರಿ ಉಬ್ಬು ಉಳಿಸುತ್ತದೆ. ಆದ್ದರಿಂದ ಲೇತ್ ಬೇಡ, ಸರ್ಫೇಸ್ ಗ್ರೈಂಡಿಂಗ್ (ತಿರುಗುವ ಸಾಣೆಕಲ್ಲಿನಿಂದ ಮೈ ಸಮ ಮಾಡುವುದು) ಮಾಡಿಸಿ. ಬಿರುಕು ಬೋಲ್ಟಿನ ತೂತನ್ನೋ ಅಂಚನ್ನೋ ಮುಟ್ಟಿದ್ದರೆ ಬೇರೆ ಫ್ಲೈವೀಲ್ ಹುಡುಕಿ.

ನೀವು ಕೇಳಿದ ಫ್ಲೆಕ್ಸ್‌ಪ್ಲೇಟ್ ಆಟೋಮ್ಯಾಟಿಕ್ ಕಾರುಗಳಲ್ಲಿ ಟಾರ್ಕ್ ಕನ್ವರ್ಟರನ್ನು (ಕ್ಲಚ್ಚಿನ ಬದಲಿಗಿರುವ ಭಾಗವನ್ನು) ಹಿಡಿದಿರುವ ತೆಳು ತಗಡು. ಕೈಗೇರಿನ ನಿಮ್ಮ ಪದ್ಮಿನಿಯಲ್ಲಿ ಅದು ಇಲ್ಲ.