ಬಾರ್‌ಕೋಡ್ 890ರಿಂದ ಶುರುವಾದರೆ ತೊಗರಿಬೇಳೆ ನಮ್ಮ ಕಲಬುರಗಿಯದೇ?

ಅಲ್ಲ. 890 ಅಂದರೆ ಆ ಕಂಪನಿ ಭಾರತದಲ್ಲಿ ಬಾರ್‌ಕೋಡ್ ಸಂಖ್ಯೆ ಪಡೆದಿದೆ ಅಂತ ಅಷ್ಟೇ. ತೊಗರಿ ಎಲ್ಲಿ ಬೆಳೆಯಿತು ಅಂತ ಅದು ಹೇಳುವುದಿಲ್ಲ. ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್‌ನಿಂದ ಬಂದ ಇಡೀ ತೊಗರಿಯನ್ನು ಇಲ್ಲಿನ ದಾಲ್‌ಮಿಲ್‌ನಲ್ಲೇ ಒಡೆದು ತುಂಬಿರಬಹುದು. ಪ್ಯಾಕೆಟ್ ರೂಪದಲ್ಲೇ ಆಮದಾದ ಸರಕಿಗಾದರೆ 2011ರ ಪ್ಯಾಕೆಟ್ ಸರಕುಗಳ ನಿಯಮದಂತೆ ಮೂಲ ದೇಶ, ಆಮದುದಾರರ ಹೆಸರು-ವಿಳಾಸ ಇರಲೇಬೇಕು. ಹಿಂಬದಿಯ ಸಣ್ಣ ಅಕ್ಷರ ಓದಿ. ಮುಂದೆ ದೊಡ್ಡದಾಗಿ 'ಗುಲ್ಬರ್ಗಾ ದಾಲ್' ಅಂತ ಬರೆದಿದ್ದಷ್ಟೇ ಸಾಲದು. ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ (ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಆ ಮುದ್ರೆ ಹುಡುಕಿ.

ಚೀಲದ ಬಿಡಿ ಬೇಳೆಗೆ ಲೇಬಲ್ಲೇ ಇರುವುದಿಲ್ಲ, ಅಂಗಡಿಯವರನ್ನು ನೇರವಾಗಿ ಕೇಳಿ. ಹೊಳಪು ನೋಡಿ ಊರು ಹೇಳಬೇಡಿ: ಒಂದು ಹಿಡಿ ಬೇಳೆಯನ್ನು ಬಿಳಿ ಕಾಗದದಲ್ಲಿ ಉಜ್ಜಿ, ಜಿಡ್ಡಿನ ಕಲೆ ಮೂಡಿದರೆ ಅದು ಎಣ್ಣೆ ಪಾಲಿಶ್. ಸ್ಥಳೀಯ ಬೇಳೆಗೂ ಅದನ್ನು ಹಚ್ಚುತ್ತಾರೆ.