ನ್ಯುಮೋನಿಯಾ ಬರುವ ಮೊದಲೇ ಆ್ಯಂಟಿಬಯೋಟಿಕ್ ಕೊಡಬಾರದಾ?

ಸ್ಟ್ರೋಕ್ ಬಗ್ಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಸ್ಟ್ರೋಕ್ ಆಗಿ ಮೂರು ದಿನ ಆಯಿತು. ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ಇಂಥವರಿಗೆ ನ್ಯುಮೋನಿಯಾ ಬರಬಹುದು ಎಂದು ಡಾಕ್ಟರೇ ಹೇಳಿದರು. ಮೊದಲೇ ಆ್ಯಂಟಿಬಯೋಟಿಕ್ ಹಾಕಿ ಎಂದರೆ ಬೇಡ ಅನ್ನುತ್ತಾರೆ. ಬೇರೆ ಆಸ್ಪತ್ರೆಗೆ ಸೇರಿಸಬೇಕೇ? — ತುಮಕೂರಿನ ಓದುಗರು

ಬೇಡ. ನಿಮ್ಮ ಡಾಕ್ಟರ್ ಸರಿಯಾಗಿಯೇ ಹೇಳಿದ್ದಾರೆ.

ಬಂದ ಮೇಲೆ ಒದ್ದಾಡುವುದಕ್ಕಿಂತ ಮೊದಲೇ ಕೊಟ್ಟರೆ ಆಯ್ತಲ್ಲ ಅಂತ ನಿಮಗೆ ಅನ್ನಿಸುತ್ತದೆ. ನಮಗೂ ಹಾಗೇ ಅನ್ನಿಸಿತ್ತು. ಅದಕ್ಕೇ ಪರೀಕ್ಷೆ ಮಾಡಿ ನೋಡಿದ್ದು. ನೆದರ್ಲೆಂಡ್ಸ್‌ನಲ್ಲಿ ಸುಮಾರು 2,500 ಸ್ಟ್ರೋಕ್ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ದಿನಕ್ಕೆ 2 ಗ್ರಾಂ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ನಾಲ್ಕು ದಿನ. ಇನ್ನೊಂದು ಗುಂಪಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ಮೂರು ತಿಂಗಳ ನಂತರ ಎರಡೂ ಗುಂಪಿನವರ ಚೇತರಿಕೆ ಒಂದೇ ಥರ ಇತ್ತು. ಮೂತ್ರದ ಸೋಂಕು ಕಡಿಮೆಯಾಗಿತ್ತು, ನಿಜ. ನ್ಯುಮೋನಿಯಾ ಮಾತ್ರ ಜಗ್ಗಿರಲಿಲ್ಲ.

ಬ್ರಿಟನ್ನಿನಲ್ಲಿ ನುಂಗಲು ಕಷ್ಟವಿದ್ದ ರೋಗಿಗಳನ್ನೇ ಆರಿಸಿಕೊಂಡರು. 48 ಸ್ಟ್ರೋಕ್ ಘಟಕಗಳು, 1,224 ಜನ, ಏಳು ದಿನದ ಔಷಧಿ. ನ್ಯುಮೋನಿಯಾ ಬಂದದ್ದು ಔಷಧಿ ಪಡೆದವರಲ್ಲಿ ನೂರಕ್ಕೆ 13 ಜನಕ್ಕೆ, ಪಡೆಯದವರಲ್ಲಿ 10 ಜನಕ್ಕೆ. ಅಷ್ಟು ಸಣ್ಣ ಅಂತರ ಆಕಸ್ಮಿಕವಾಗಿಯೂ ಬರಬಹುದು, ಔಷಧಿಯಿಂದಲೇ ಜಾಸ್ತಿ ಆಯಿತು ಅನ್ನುವಂತಿಲ್ಲ. ಲಾಭವಂತೂ ಕಾಣಲಿಲ್ಲ. ಈ ಎರಡೂ 2015ರಲ್ಲಿ ಪ್ರಕಟವಾದವು. ಆಮೇಲೆ ಯುರೋಪಿನಲ್ಲಿ ವಯಸ್ಸಾದವರಲ್ಲೇ ಇನ್ನೊಮ್ಮೆ ನೋಡಿದರು. ಆಗಲೂ ಚೇತರಿಕೆಯಲ್ಲಿ ವ್ಯತ್ಯಾಸ ಸಿಗಲಿಲ್ಲ.

ಏಕೆ ಹೀಗೆ? ಊಟ ಮಾಡುವಾಗ ನೆತ್ತಿಗೆ ಹತ್ತಿತು ಅಂತೀವಲ್ಲ, ಆಗ ಅನ್ನದ ಅಗುಳು ಹೋಗಿರುವುದು ಉಸಿರಿನ ಕೊಳವೆಯ ಕಡೆಗೆ. ನಾವು ಕೆಮ್ಮಿ ಹೊರಗೆ ಹಾಕುತ್ತೇವೆ. ಸ್ಟ್ರೋಕ್ ಆದ ಎಷ್ಟೋ ಜನರಿಗೆ ಆ ಕೆಮ್ಮೇ ಬರುವುದಿಲ್ಲ. ಎಂಜಲು, ನೀರು, ಗಂಜಿ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಜೊತೆಗೆ ಸ್ಟ್ರೋಕ್ ಆದ ಮೊದಲ ದಿನಗಳಲ್ಲಿ ರೋಗನಿರೋಧಕ ಶಕ್ತಿಯೂ ಕುಗ್ಗಿರುತ್ತದೆ. ದಿನವೂ ಎಂಜಲು ಇಳಿಯುತ್ತಲೇ ಇದ್ದರೆ ನಾಲ್ಕು ದಿನದ ಇಂಜೆಕ್ಷನ್ ಎಷ್ಟು ಅಂತ ತಡೆಯುತ್ತದೆ?

ಒಮ್ಮೆ ವಾರ್ಡಿನಲ್ಲಿ ಮಗಳೊಬ್ಬರು ಮಲಗಿದ್ದ ತಂದೆಯ ಬಾಯಿಗೆ ಚಮಚದಲ್ಲಿ ಎಳನೀರು ಬಿಡುತ್ತಿದ್ದರು. "ನೋಡಿ ಡಾಕ್ಟ್ರೇ, ಒಂದು ಸಲಾನೂ ಕೆಮ್ಮಲಿಲ್ಲ" ಅಂದರು, ಖುಷಿಯಿಂದ. ನಾನು "ಯಜಮಾನ್ರೇ, ನಿಮ್ಮ ಹೆಸರು ಹೇಳಿ" ಅಂದೆ. ದನಿ ಗೊರಗೊರ ಅಂತ ಬಂತು, ಬಾಯಲ್ಲಿ ನೀರಿಟ್ಟುಕೊಂಡು ಮಾತಾಡಿದ ಹಾಗೆ. ಎಳನೀರು ಗಂಟಲಿನ ಕೆಳಗೆ ನಿಂತಿತ್ತು. ಮರುದಿನ ರಾತ್ರಿ ಜ್ವರ ಬಂತು. ಆ ಮಗಳ ಮುಖ ನನಗೆ ಇವತ್ತಿಗೂ ನೆನಪಿದೆ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ ಬೇರೆ: "ನುಂಗುವ ಪರೀಕ್ಷೆ ಮಾಡಿದ್ದೀರಾ?" ಅದಾಗುವ ತನಕ ಬಾಯಿಗೆ ಏನೂ ಬೇಡ. ಒಂದು ಗುಟುಕು ಕಾಫಿಯೂ ಬೇಡ, ತೀರ್ಥವೂ ಬೇಡ. ನುಂಗಲು ಆಗದಿದ್ದರೆ ಮೂಗಿನಿಂದ ಟ್ಯೂಬ್ ಹಾಕುತ್ತಾರೆ. ಟ್ಯೂಬ್ ಹಾಕಿದರೆ ಮುಗೀತು ಅಂತ ಅಳಬೇಡಿ, ನುಂಗುವುದು ಸುಧಾರಿಸಿದ ಮೇಲೆ ತೆಗೆಯುತ್ತೇವೆ. ಆದರೆ ಟ್ಯೂಬ್ ಎಂಜಲನ್ನು ತಡೆಯುವುದಿಲ್ಲ. ಹಲ್ಲು, ನಾಲಿಗೆ, ಕೆನ್ನೆಯ ಒಳಭಾಗ ದಿನಾ ಶುಚಿ ಮಾಡಿ. ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದಿಡಿ. ಊಟ ಕೊಡುವಾಗ ಕೂರಿಸಿ, ಕೊಟ್ಟ ಮೇಲೂ ಅರ್ಧ ಗಂಟೆ ಹಾಗೇ ಇರಲಿ.

ಇದು ಸಣ್ಣ ಕೆಲಸ ಅನ್ನಬೇಡಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಸ್ಟ್ರೋಕ್ ಘಟಕಗಳಲ್ಲಿ ನರ್ಸ್‌ಗಳಿಗೆ ಮೂರೇ ವಿಷಯ ಕಲಿಸಿ ನೋಡಿದರು: ಜ್ವರ, ಸಕ್ಕರೆ, ನುಂಗುವುದು. ಮಾಮೂಲಿ ಆರೈಕೆಯಲ್ಲಿ 90 ದಿನಕ್ಕೆ ತೀರಿಕೊಂಡವರು ಅಥವಾ ಪರಾವಲಂಬಿಯಾದವರು ನೂರಕ್ಕೆ 58. ಕಲಿತ ಘಟಕಗಳಲ್ಲಿ 42. ಇದು 2011ರ ಮಾತು.

ಒಂದು ಎಚ್ಚರಿಕೆ. ಜ್ವರ, ಏದುಸಿರು, ಹಳದಿ ಕಫ ಕಂಡರೆ ತಕ್ಷಣ ಹೇಳಿ. ನ್ಯುಮೋನಿಯಾ ಬಂದ ಮೇಲೆ ಆ್ಯಂಟಿಬಯೋಟಿಕ್ ಬೇಕೇ ಬೇಕು, ತಡ ಮಾಡುವಂತಿಲ್ಲ. ನಾನು ಬೇಡ ಅನ್ನುತ್ತಿರುವುದು ಬರುವ ಮೊದಲು ಸುಮ್ನೆ ಕೊಡುವುದನ್ನು.

ಪ್ರಶ್ನೆ: ನ್ಯುಮೋನಿಯಾಗೆ ಒಂದು ಇಂಜೆಕ್ಷನ್ ನಡೀತಿದೆ. ಜೊತೆಗೆ ಮೆಟ್ರೋನಿಡಜೋಲ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ಸೇರಿಸಿದರೆ ಬೇಗ ಗುಣವಾಗುತ್ತದಾ?

ಶ್ವಾಸಕೋಶದಲ್ಲಾಗಲಿ ಅದರ ಸುತ್ತಲಾಗಲಿ ಕೀವು ಕಟ್ಟಿರುವ ಅನುಮಾನ ಇಲ್ಲದಿದ್ದರೆ, ಮಾಮೂಲಿಯಾಗಿ ಸೇರಿಸಬೇಡಿ ಎಂದೇ 2019ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ.

ಪ್ರಶ್ನೆ: ಲಕ್ವಕ್ಕೆ ಪಾರಿವಾಳದ ರಕ್ತ ಸವರಿದರೆ ಕೈ ಬರುತ್ತಂತೆ, ಹೌದಾ?

ಇಲ್ಲ. ಇದನ್ನು ಹೇಳಿ ದುಡ್ಡು ಇಸ್ಕೊಳ್ಳುವವರು ಮಹಾ ಪಾಪ ಮಾಡುತ್ತಿದ್ದಾರೆ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕ್‌ಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ. ಅದು ಅವರ ಮನೆ ಜಗಲಿಯಲ್ಲೇ ಕಳೆದುಹೋಗುತ್ತದೆ.

ಪ್ರಶ್ನೆ: ಡಿಸ್ಚಾರ್ಜ್ ಆಗಿದ್ದಾರೆ. ಸ್ವಲ್ಪ ಕೆಮ್ಮು ಬಂದರೆ ಮನೆಯಲ್ಲಿ ಉಳಿದಿರುವ ಅಜಿತ್ರೋಮೈಸಿನ್ ಕೊಡಲಾ?

ಕೊಡಬೇಡಿ. ಏನು ತಿನ್ನುವಾಗ ಕೆಮ್ಮು ಬಂತು ಅಂತ ಬರೆದಿಟ್ಟುಕೊಂಡು ಅವತ್ತೇ ಆಸ್ಪತ್ರೆಗೆ ಕರೆತನ್ನಿ.